ಕಳೆದುಹೋಗದ ಹಾಳೆ

ಕುರುಗೋಡು

ಡಾಕ್ಟರ್ ಸಂಗಮೇಶ್ ಅವರಿಗೆ,

ಕಳೆದ ಮಾರ್ಚ್ ಹನ್ನೆರಡರಂದು ಬಳ್ಳಾರಿಯ ನಿಮ್ಮ ಆಸ್ಪತ್ರೆಯಲ್ಲಿ, ಹೆರಿಗೆಯ ಆಪರೇಷನ್ನಿಗೆ ಅರಿವಳಿಕೆ ಕೊಟ್ಟವರು ಉಸಿರು ನಿಂತದ್ದನ್ನು ಗಮನಿಸದೆ ಹೋದದ್ದರಿಂದ ನನ್ನ ಮಗಳು ಅಂಜನಾಳ ಮೆದುಳಿಗೆ ಆಕ್ಸಿಜನ್ ತಪ್ಪಿತು. ಈಗ ಪಕ್ಕದಲ್ಲೇ ಕೂಸು ಅತ್ತರೂ ಅವಳು ತಿರುಗಿ ನೋಡುವುದಿಲ್ಲ. ನನ್ನನ್ನು “ಯಾರ್ರಿ ನೀವು?” ಎನ್ನುತ್ತಾಳೆ.

ಅಂದು ಆಪರೇಷನ್ನಿಗೆ ಮುಂಚೆ ಒಪ್ಪಿಗೆಯ ಹಾಳೆ ಮುಂದಿಟ್ಟು ನೀವು “ಸಹಿ ಹಾಕ್ರಿ ಸರ್, ನಾ ಅದೀನಲ್ಲ” ಎಂದಿರಿ. ಓದದೆ ಸಹಿ ಹಾಕಬಾರದೆಂದು ಸಿರುಗುಪ್ಪದ ಶಾಲೆಯಲ್ಲಿ ನಿಮಗೆ ಕಲಿಸಿದ ನಾನೇ, ಶಿಷ್ಯನೆಂದು ನಂಬಿ ಓದದೆ ಹಾಕಿದೆ.

ಆಪರೇಷನ್ ವೇಳೆ ಉಸಿರು, ನಾಡಿ ಬರೆದಿಡುವ ಅರಿವಳಿಕೆಯ ದಾಖಲೆಯಿಲ್ಲದೆ ಕೇಸು ನಿಲ್ಲುವುದಿಲ್ಲ ಎಂದು ಉಚಿತ ಕಾನೂನು ನೆರವಿನ ವಕೀಲೆ ಹೇಳಿದ್ದಾರೆ. ಅದು ಕಳೆದುಹೋಗಿದೆ ಎನ್ನುತ್ತೀರಿ. ನಾನು ಸಹಿ ಹಾಕಿದ ಹಾಳೆ ಮಾತ್ರ ಕಳೆದಿಲ್ಲ.

ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ. ಅಂಜನಾಳ ಉಸಿರು ಎಷ್ಟು ನಿಮಿಷ ನಿಂತಿತ್ತು? ಊರಿನೆದುರು ಉತ್ತರಿಸಿ.

ನಿಮಗೆ ಅಕ್ಷರ ಕಲಿಸಿದ,
ದೊಡ್ಡಬಸಪ್ಪ