ಮೂರು ಸಲ ತಲೆ ಬಾಚಿಸಿಕೊಂಡ ಅಜ್ಜಿ

ಅತ್ತಿಗೆಗೆ ನಮಸ್ಕಾರ. ವಿಮಾನ ಇಳಿದು ಸುಖವಾಗಿದ್ದೇನೆ. ಎರಡು ವಾರದ ಸೇವೆಗೆಂದು ಸಮುದ್ರ ದಾಟಿ ಬಂದ ನಮ್ಮನ್ನು ಒಂದು ವೃದ್ಧಾಶ್ರಮಕ್ಕೆ ತಂದು ಬಿಟ್ಟಿದ್ದಾರೆ. ಇಲ್ಲಿ ಅಜ್ಜಿಯರಿಗಿಂತ ಸೇವೆಗೆ ಬಂದವರೇ ಹೆಚ್ಚು.

ಕಿಟಕಿ ಪಕ್ಕದ ಅಜ್ಜಿಗೆ ನಿನ್ನೆ ಊಟದ ಹೊತ್ತಿಗಾಗಲೇ ಮೂವರು ತಲೆ ಬಾಚಿದ್ದರು. ಪಾಪ, ಇರುವುದೇ ಹಿಡಿ ಕೂದಲು. ನಾಲ್ಕನೆಯವಳಾಗಿ ನಾನು ಬಾಚಣಿಗೆ ಹಿಡಿದು ಹೋದಾಗ ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು. ನನಗೆ ನಾಚಿಕೆಯಾಗಿ ಬಾಚಣಿಗೆಯನ್ನು ಅವರ ಕೈಗೇ ಕೊಟ್ಟು ಹಾಸಿಗೆಯ ಅಂಚಿನಲ್ಲಿ ಕುಳಿತೆ. ಅವರು ನನ್ನನ್ನೇ ತಿರುಗಿಸಿ ಕೂರಿಸಿಕೊಂಡು, ಜಡೆ ಬಿಚ್ಚಿ, ಸಿಕ್ಕು ಬಿಡಿಸತೊಡಗಿದರು.

ಅಷ್ಟರಲ್ಲಿ ಊರಿಂದ ನಮ್ಮನ್ನು ಕರೆತಂದ ಮುಂದಾಳು ಬಂದ. ಸದಾ ಕ್ಯಾಮೆರಾ ಎತ್ತಿಕೊಂಡೇ ಇರುವುದರಿಂದ ಅವನಿಗೆ ಫೋಟೋರಾಯ ಎಂದು ಹೆಸರಿಟ್ಟಿದ್ದೇವೆ.

"ಅಯ್ಯಯ್ಯೋ, ಉಲ್ಟಾ ಆಯ್ತಲ್ಲ ಮೇಡಂ! ನೀವು ಹಿಂದೆ ಬನ್ನಿ, ಅಜ್ಜೀನ ಮುಂದೆ ಕೂರ್ಸಿ. ಸೇವೆ ಮಾಡ್ತಿರೋದು ಕಾಣ್ಬೇಕಲ್ವಾ?"

"ಅವರು ಸೇವೆ ಮಾಡ್ತಿರೋದು ಕಾಣ್ತಾ ಇಲ್ವಾ ನಿಮಗೆ?" ಎಂದೆ.

ಅವನು ಅಜ್ಜಿಯ ಭುಜ ಹಿಡಿದು ತಿರುಗಿಸಲು ಬಂದ. ನಮ್ಮ ಮಾತು ತಿಳಿಯದ ಅಜ್ಜಿಗೆ ಆ ಕೈ ತಿಳಿಯಿತು. ಬಾಚಣಿಗೆಯನ್ನು ಬೀಸಿ ಒಗೆದರು. ಅದು ಅವನ ಮೂಗಿಗೇ ಬಿತ್ತು. ಆಮೇಲೆ ಏನೂ ಆಗದವರಂತೆ ಬೆರಳಿನಲ್ಲೇ ಸಿಕ್ಕು ಬಿಡಿಸಿ, ಬಿಗಿಯಾಗಿ ಜಡೆ ಹೆಣೆದರು.

ಇವತ್ತಿನಿಂದ ನನ್ನನ್ನು ಕಕ್ಕಸು ತೊಳೆಯಲು ಹಾಕಿದ್ದಾನೆ. ಸೇವೆಗೆ ಬಂದ ಇಷ್ಟು ಜನರಲ್ಲಿ ಆ ಕೆಲಸಕ್ಕೆ ಮಾತ್ರ ಪೈಪೋಟಿಯೇ ಇಲ್ಲ! ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಅಣ್ಣನಿಗೆ ಹೇಳಬೇಡಿ, "ನಾನು ಆಗ್ಲೇ ಹೇಳಿದ್ನಲ್ಲ" ಅಂತ ಶುರು ಮಾಡುತ್ತಾನೆ.

ನಿಮ್ಮ ನಾದಿನಿ