ನಾನು ಹೋಗದ ಸಿಂಗಪುರ

ಅರಸೀಕೆರೆ
೨೦ ಜನವರಿ ೧೯೫೭, ಭಾನುವಾರ

ಫಿಫ್ತ್ ಫಾರಂ ಕಾಂಪೋಸಿಷನ್ ಅರ್ಧ ತಿದ್ದಿದ್ದೆ. ಕಾಫಿ ಆರಿಹೋಗಿತ್ತು. ಬೆಳಗಿನ ಬಸ್ಸಿಗೆ ಬೇಲೂರಿನಿಂದ ಮೈದುನ ಅನಂತಸ್ವಾಮಿ ಬಂದ. ಕೈಯಲ್ಲಿ ಸರ್ಕಾರದ ಕಾಗದ.

ಸಿಂಗಪುರದಲ್ಲಿ ಯುದ್ಧಸ್ಮಾರಕ ಕಟ್ಟಿದ್ದಾರೆ. ಗೋರಿಯೂ ಸಿಗದೆ ಹೋದವರ ಹೆಸರು ಕಲ್ಲಿನಲ್ಲಿ. ಮಾರ್ಚ್ ಎರಡಕ್ಕೆ ಸಮಾರಂಭ. ಮನೆಯವರಲ್ಲಿ ಇಬ್ಬರಿಗೆ ಹಡಗಿನ ಪಾಸು.

ನಮ್ಮ ಯಜಮಾನರು ಮೈಸೂರು ಇನ್‌ಫೆಂಟ್ರಿಯಲ್ಲಿ ಕ್ಲಾರ್ಕು. ಸಿಂಗಪುರ ಬಿದ್ದ ಮೇಲೆ ಒಂದು ತಂತಿ — ಮಿಸ್ಸಿಂಗ್. ಆಮೇಲೆ ಹದಿನೈದು ವರ್ಷ, ಏನೂ ಇಲ್ಲ. ಸತ್ತಿದ್ದಾರೆಂದು ಸರ್ಕಾರ ಎಂದೋ ತೀರ್ಮಾನಿಸಿತು. ಅತ್ತೆ ತೀರ್ಮಾನಿಸಿಲ್ಲ. ಹನ್ನೆರಡು ವರ್ಷ ತುಂಬಿದಾಗ ಪುರೋಹಿತರು ಬಂದು, ದರ್ಭೆಯಲ್ಲಿ ಆಕಾರ ಮಾಡಿ ದಹನ ಮುಗಿಸಿಬಿಡೋಣ ಎಂದರು. ಅತ್ತೆ ಅವರನ್ನು ಜಗುಲಿಯಿಂದಲೇ ಕಳಿಸಿದರು. ಹಾಗಾಗಿ ನಾನಿನ್ನೂ ಸುಮಂಗಲಿ. ಕುಂಕುಮ ಇಡಬೇಕು, ಹೂ ಮುಡಿಯಬೇಕು. ಅಳುವ ಹಾಗಿಲ್ಲ. ಬದುಕಿರುವ ಗಂಡನಿಗೆ ಅಳುವುದು ಅಪಶಕುನ.

ಕಾಗದದಲ್ಲಿ ನನ್ನ ಹೆಸರಿನ ಪಕ್ಕ 'ವಿಡೋ' ಎಂದಿದೆ. ಅತ್ತೆಗೆ ಅದನ್ನು 'ಮಿಸೆಸ್' ಎಂದು ಓದಿ ಹೇಳಿದನಂತೆ ಅನಂತಸ್ವಾಮಿ. ಹೇಳುವಾಗ ನನ್ನ ಮುಖ ನೋಡಲಿಲ್ಲ.

"ನಾನು ಹೋಗ್ತೀನಿ" ಅಂದೆ.

"ಅಮ್ಮನ್ನ ಕೇಳ್ಬೇಕಲ್ಲ ಅತ್ತಿಗೆ."

ಬೇಲೂರು
೨೭ ಜನವರಿ

ಕೇಳಿದ್ದಾಯಿತು.

"ಕಟ್ಕೊಂಡೋಳು ಆ ಕಲ್ಲಿನ ಮುಂದೆ ನಿಂತ್ರೆ ಮುಗೀತು. ಹೋಗೋವಾಗ ಏನಾಗಿ ಹೋಗ್ತಾಳೆ, ಬರೋವಾಗ ಏನಾಗಿ ಬರ್ತಾಳೆ? ಅನಂತು, ಗೋದಾ ಹೋಗ್ಲಿ."

"ಅತ್ತೆ, ನಾನು ಎಂ.ಎ. ಮಾಡಿದೋಳು. ನಲವತ್ತೇಳು ವರ್ಷ ನಂಗೆ."

"ಎಂ.ಎ. ಮಾಡಿದೋರಿಗೆ ಬೇರೆ ಹಣೆ ಕೊಡ್ತಾರೇನೆ ಕನಕ?"

ಓರಗಿತ್ತಿ ಗೋದಾ ನನ್ನ ಪರ ನಿಂತಳು, ಅವಳದೇ ರೀತಿಯಲ್ಲಿ. "ನಂಗೆ ಹಡಗಲ್ಲಿ ವಾಂತಿ ಆಗತ್ತಮ್ಮ. ಅಕ್ಕನೇ ಹೋಗ್ಲಿ."

"ನೀನು ಹಗರೆ ಮುಟ್ಟೋದ್ರೊಳಗೆ ಬಸ್ಸಲ್ಲೂ ವಾಂತಿ ಮಾಡ್ತೀಯ. ಅದಕ್ಕೇನು ತೌರುಮನೆ ಬಿಟ್ಟಿದೀಯಾ?"

ಎಲ್ಲರೂ ನಕ್ಕರು. ನಾನೂ. ನಗುತ್ತಾ ಸೋತುಬಿಟ್ಟೆ. ಕಲ್ಲಾದರೂ ಸರಿ, ಅದರ ಮುಂದೆ ನಿಂತು ಒಂದು ಸಲ ಅತ್ತು ಬರಬೇಕಿತ್ತು. ಇದನ್ನು ಯಾರಿಗೆ ಹೇಳುವುದು.

ಅರಸೀಕೆರೆ
೧೭ ಫೆಬ್ರವರಿ

ಸ್ಟೇಷನ್ನಿಗೆ ಹೋಗಿ ಇಬ್ಬರನ್ನೂ ರೈಲು ಹತ್ತಿಸಿ ಬಂದೆ. ಗೋದಾಳ ಮಡಿಲಲ್ಲಿ ನಿಂಬೆ ಉಪ್ಪಿನಕಾಯಿ ಭರಣಿ, ವಾಂತಿಗೆ. "ಏನಾದ್ರೂ ಕಳಿಸ್ತೀರಾ ಅಕ್ಕ?" ಎಂದು ಕಿಟಕಿಯಿಂದ ಕೇಳಿದಳು. ಕಲ್ಲಿಗೆ ಏನು ಕಳಿಸುತ್ತಾರೆ?

"ಹೂವು ಬಾಡಿಹೋಗುತ್ತೆ" ಅಂದೆ.

೨ ಮಾರ್ಚ್, ಶನಿವಾರ, ಸಂಜೆ

ಮನೆ ಮಾಲೀಕರಾದ ಕೊಬ್ಬರಿ ಮಂಡಿ ಏಕಾಂತಯ್ಯನವರ ಮನೆಯಲ್ಲಿ ರೇಡಿಯೋ ಇದೆ. ನಾಚಿಕೆ ಬಿಟ್ಟು ಹೋಗಿ ಕೂತೆ.

"ಸಿಂಗಪುರ ಇದ್ರಾಗೆ ಬತ್ತೈತಾ ನೋಡಾನ ಇರ್ರಿ ಟೀಚರಮ್ಮ" ಎಂದು ಕಿವಿ ತಿರುವಿದರು. ಗೊರಗೊರ. ಮತ್ತೆ ತಿರುವಿದರು.

"ಅದಕ್ಯಾಕೆ ಹಂಗ್ ಹಿಂಡ್ತೀರಿ? ಸಾಲೆ ಹುಡ್ಗನ ಕಿವಿನಾ ಅದು?" ಎಂದರು ಅವರ ಹೆಂಡತಿ ಕಾಂತಮ್ಮ.

ಒಂದು ಗಳಿಗೆ ಬ್ಯಾಂಡು ಕೇಳಿಸಿತು. ಎಲ್ಲಿಯದೋ. ಸಿಂಗಪುರದ್ದೇ ಎಂದುಕೊಂಡೆ. ಮತ್ತೆ ಗೊರಗೊರ.

"ನೀವ್ಯಾಕೆ ಹೋಗ್ನಿಲ್ಲ?" — ಕಾಂತಮ್ಮ.

"ಸ್ಕೂಲಿತ್ತು."

೯ ಮಾರ್ಚ್

ಪದ್ಯ ಓದೋಣವೆಂದು ಕೂತೆ. ಹಳಗನ್ನಡದ ವಿರಹ. ಎಷ್ಟು ಚೆಂದ, ಎಷ್ಟು ಅಚ್ಚುಕಟ್ಟು. ಅವರ ವಿರಹಕ್ಕೆಲ್ಲ ಕೊನೆಯಿದೆ. ಬರುತ್ತಾನೆ, ಇಲ್ಲ ಸಾಯುತ್ತಾನೆ. ಎರಡೂ ಆಗದವಳ ಮೇಲೆ ಯಾರೂ ಬರೆದ ಹಾಗಿಲ್ಲ. ಮುಚ್ಚಿಟ್ಟೆ.

೨೧ ಮಾರ್ಚ್, ಗುರುವಾರ

ಬಂದರು. ರೈಲಿಳಿದು ನೇರ ಇಲ್ಲಿಗೆ. ಅನಂತಸ್ವಾಮಿ ಕಪ್ಪಾಗಿದ್ದಾನೆ. ಹಡಗು, ಊಟ, ಸಾಲಾಗಿ ನಿಂತ ಸೋಲ್ಜರುಗಳು, ಕಹಳೆ — ಎಲ್ಲ ಹೇಳಿದ. ಹೆಸರು?

"ಹುಡುಕಿದ್ವಿ ಅತ್ತಿಗೆ. ಸಾವಿರಾರು ಹೆಸರು. ಅಣ್ಣನದು... ಕಾಣ್ಲಿಲ್ಲ."

ಗೋದಾ ಸಿಂಗಪುರದ ಬೀಸಣಿಗೆ ಕೊಟ್ಟಳು. ಒಂದು ಮಾತೂ ಆಡಲಿಲ್ಲ. ಗೋದಾ!

ಹೊರಡುವ ಹೊತ್ತಿಗೆ ಕುಂಕುಮದ ಭರಣಿ ತಂದು ಹಿಡಿದೆ. ಯಾವತ್ತೂ ಅವಳು ತಾನಿಟ್ಟುಕೊಂಡು ನನಗೂ ಇಟ್ಟು, ಕಾಲು ಮುಟ್ಟಿ ಹೋಗುವವಳು. ಇವತ್ತು ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು. "ಹೊತ್ತಾಯ್ತು ಅಕ್ಕ, ಬಸ್ಸು ಹೋಗತ್ತೆ" ಎಂದು ಮೆಟ್ಟಿಲಿಳಿದುಬಿಟ್ಟಳು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.

ಭರಣಿ ಹಿಡಿದು ನಿಂತೇ ಇದ್ದೆ. ಅನಂತಸ್ವಾಮಿ ನೆಲ ನೋಡುತ್ತಿದ್ದ.

"ಎಲ್ಲಿತ್ತು?" ಅಂದೆ.

"...ಮೇಲಕ್ಕಿತ್ತು ಅತ್ತಿಗೆ. ಕೈಗೆ ಎಟುಕ್ತಿರ್ಲಿಲ್ಲ. ಗೋದಾ ಹೋಗಿ ಅಲ್ಲಿನೋರ ಹತ್ರ ಸ್ಟೂಲ್ ಕೇಳ್ಕೊಂಡು ಬಂದ್ಲು."

"ಮುಟ್ಟಿದೆಯಾ?"

"ಮುಟ್ಟಿದೆ. ಬಿಸಿಲಿಗೆ ಕಾದಿತ್ತು." ಟವೆಲಿನಲ್ಲಿ ಮುಖ ಒರೆಸಿಕೊಂಡ. "ಅಮ್ಮನಿಗೆ ಇಲ್ಲ ಅಂತ್ಲೇ ಹೇಳ್ತೀನಿ. ನೀವೂ..."

"ಆಯ್ತು."

ಬೇಲೂರು
೨೪ ಮಾರ್ಚ್, ಭಾನುವಾರ, ಮಧ್ಯಾಹ್ನ

ಅತ್ತೆ ಹೇಳಿ ಕಳಿಸಿದ್ದರು. ಅನಂತಸ್ವಾಮಿ, ಗೋದಾ ಹಗರೆಗೆ ಹೋಗಿದ್ದಾರೆ, ಅವಳ ತಾಯಿಯನ್ನು ನೋಡಲು. ಮನೆಯಲ್ಲಿ ನಾವಿಬ್ಬರೇ. ಊಟವಾದ ಮೇಲೆ ನಡುಮನೆಯಲ್ಲಿ ಕೂರಿಸಿಕೊಂಡರು.

"ಹೆಸರಿರ್ಲಿಲ್ಲ ಅಂದ ಅನಂತು."

"ಹೂಂ ಅತ್ತೆ."

"ನೀನೂ ಅದನ್ನೇ ಅನ್ನು. ಬಂದಾಗಿನಿಂದ ದೇವಸ್ಥಾನದ ಹೊಸ್ತಿಲು ತುಳಿದಿಲ್ಲ ಅವ್ನು. ಕೇಳಿದ್ರೆ ಸಮುದ್ರ ದಾಟಿದ್ದಕ್ಕೆ ಮೈಲಿಗೆ ಅಂತಾನೆ. ಸೂತಕ ಹಿಡಿದೋನು ಹ್ಯಾಗಿರ್ತಾನೆ ಅಂತ ನಂಗೊತ್ತಿಲ್ವೇ?"

ಚೊಂಬಿನಿಂದ ಅವರಿಗೆ ನೀರು ಬಗ್ಗಿಸಿ ಕೊಟ್ಟೆ.

"ನನ್ನ ಮಗ ಭಾಷ್ಯ ಇಲ್ಲ ಅಂತ ನಂಗೆ ತಂತಿ ಬಂದ ವರ್ಷಾನೇ ಗೊತ್ತು ಕಣೇ. ಬದುಕಿದ್ದಿದ್ರೆ ನಡ್ಕೊಂಡಾದ್ರೂ ಬರ್ತಿದ್ದ."

"ಮತ್ತೆ ಯಾಕೆ ಅತ್ತೆ? ಇಷ್ಟು ವರ್ಷ..."

ತಲೆಯ ಮೇಲಿನ ಸೆರಗು ತೆಗೆದರು. ಈ ಮನೆಗೆ ಬಂದಾಗಿನಿಂದ ಹಾಗೆ ನೋಡಿರಲಿಲ್ಲ. ಬೋಳುತಲೆ, ಮಗುವಿನದರಂತೆ ಪುಟ್ಟದು.

"ನಿಮ್ಮಾವ ಹೋದಾಗ ಮೂವತ್ತೊಂದು ನಂಗೆ. ಹಿತ್ತಲಲ್ಲಿ ನಾಯಿಂದನ ಮುಂದೆ ಕೂರ್ಸಿದ್ರು. ಇಬ್ಬರು ಕೈ ಹಿಡ್ಕೊಂಡಿದ್ರು. ಭಾಷ್ಯ ಬಾಗಿಲ ಸಂದಿಯಿಂದ ನೋಡ್ತಿದ್ದ. ಅವ್ನ ಹೆಂಡತಿಗೆ ಅದನ್ನ ಮಾಡ್ಸಲಾ ನಾನು?"

ನನ್ನ ಅಳುವನ್ನು ಕಸಿದುಕೊಂಡರೆಂದು ಹದಿನೈದು ವರ್ಷ ಮನಸ್ಸಿನಲ್ಲೇ ಬೈದಿದ್ದೆ.

"ಈಗ ಅಷ್ಟೆಲ್ಲ ಯಾರೂ ಮಾಡಲ್ಲ ಅತ್ತೆ" ಎಂದೆ, ಹೇಗೋ.

"ಮಾಡಲ್ಲ. ಆದ್ರೆ ಗೋದಾ ನಿನ್ನ ಕೈ ಕುಂಕುಮ ತಗೊಳ್ಳೋದಿಲ್ಲ. ತಗೊಂಡ್ಲಾ?"

ಎದ್ದರು. "ಬಾಗಿಲು ಹಾಕ್ಕೊಂಡು ಬರ್ತೀನಿ. ಅತ್ತುಬಿಡು. ಆಮೇಲೆ ಮುಖ ತೊಳ್ಕೊಂಡು ಹಣೆಗಿಟ್ಕೊಂಡು ಬಸ್ ಹತ್ತು. ನಾನಿರೋವರೆಗೂ ಹಾಗೇ ಇರು."

ಬಾಗಿಲು ಹಾಕಿ, ಅಗಳಿ ಸರಿಸಿ, ಬಂದು ಎದುರು ಕೂತರು. ಕಾದರು. ನಾನೂ ಕಾದೆ. ಒಂದು ಹನಿ ಬರಲಿಲ್ಲ. ಕೊನೆಗೆ ಅತ್ತವರು ಅವರೇ, ಬಾಯಿಗೆ ಸೆರಗು ತುರುಕಿಕೊಂಡು, ಪಕ್ಕದ ಮನೆಗೆ ಕೇಳದ ಹಾಗೆ. ಬೆನ್ನು ನೀವುತ್ತಾ ಕೂತಿದ್ದೆ. ಬಸ್ಸು ತಪ್ಪಿತು. ಮುಂದಿನದು ಐದಕ್ಕೆ.

ಅರಸೀಕೆರೆ
೨೫ ಮಾರ್ಚ್, ಸೋಮವಾರ

ಫಸ್ಟ್ ಪೀರಿಯಡ್ ಫೋರ್ತ್ ಫಾರಂ. ಹಾಜರಿ ಕರೆಯುತ್ತಿದ್ದೆ. "ದ್ರಾಕ್ಷಾಯಣಿ" ಅಂದೆ. ಉತ್ತರವಿಲ್ಲ.

"ಬಾಣಾವರದ ಟ್ರೈನು ಇನ್ನೂ ಬಂದಿಲ್ಲ ಮಿಸ್" ಅಂದಳು ಪಕ್ಕದವಳು.

ಆಬ್ಸೆಂಟ್ ಹಾಕಿ ಮುಂದೆ ಹೋಗಬೇಕು. ದಿನವೂ ಹಾಕುತ್ತೇನೆ. ಪೆನ್ನು ಕೆಳಗಿಳಿಯಲಿಲ್ಲ. ಇನ್ನೊಂದು ಸಲ ಕರೆದೆ. ಮತ್ತೊಂದು ಸಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆನ್ನು ಹಿಡಿದೇ ಕೂತೆ. ಕ್ಲಾಸೆಲ್ಲ ಕೂತಿತ್ತು.

ಹೊರಗೆ ಓಡಿಬರುವ ಸದ್ದು. ಬಾಗಿಲಲ್ಲಿ ದ್ರಾಕ್ಷಾಯಣಿ, ಏದುಸಿರು, ಒಂದು ಜಡೆ ಬಿಚ್ಚಿಹೋಗಿದೆ, ನಗು ಬೇರೆ. "ಸಿಗ್ನಲಲ್ಲಿ ನಿಲ್ಲಿಸ್ಬಿಟ್ಟಿದ್ರು ಮಿಸ್! ಬಂದೆ ಮಿಸ್!"

ಬಾ, ಕೂತ್ಕೋ ಎನ್ನಬೇಕಿತ್ತು. ಬೋರ್ಡಿನ ಕಡೆ ತಿರುಗಿಕೊಂಡೆ. ಕೈಗೆ ಸೀಮೆಸುಣ್ಣ ತೆಗೆದುಕೊಂಡೆ, ಏನೋ ಬರೆಯುವವಳ ಹಾಗೆ. ಹಿಂದೆ ಯಾರೋ ಮೆಲ್ಲಗೆ, "ಮಿಸ್?" ಅಂದರು. ಭುಜ ಅಲುಗುತ್ತಿದ್ದದ್ದು ಅವರಿಗೆ ಕಾಣುತ್ತಿತ್ತೇನೋ. ನಾನು ಕೊನೆಗೂ ಅಳುತ್ತಿದ್ದೆ.