ಪೆನ್ಸಿಲ್ ಒರೆಸಿದ ಮೇಲೆ

ಹಲಸೂರು
ಕಾರ್ತಿಕ ಮಾಸ, ೧೯೪೬

ಪ್ರೀತಿಯ ಪಿಳ್ಳಮ್ಮನಿಗೆ,

ನೀನು ಹೋಗಿ ಎರಡು ವರ್ಷವಾಯಿತು. ಓದಲು ಬಾರದವಳಿಗೆ, ಅದೂ ಈಗ ಇಲ್ಲದವಳಿಗೆ, ಕಾಗದ ಬರೆಯುತ್ತಿದ್ದೇನೆ ಅಂದರೆ ನಗುತ್ತೀಯ. ನಗು. ಮನೆಯಲ್ಲಿ ಬೇರೆ ಸದ್ದೇ ಇಲ್ಲ. ಒಬ್ಬನಿಗೆ ಎರಡು ಹೊತ್ತು ಮುದ್ದೆ ತೊಳಸಲು ಬೇಸರವಾಗಿ ಬೆಳಗಿನದನ್ನೇ ಸಂಜೆಗೂ ಇಟ್ಟುಕೊಳ್ಳುತ್ತೇನೆ.

ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ನಿನ್ನ ಒಂದೇ ಒಂದು ಫೋಟೋದ ವಿಷಯ.

ಕೃಷ್ಣರಾಜಪುರದಿಂದ ರೈಲಿನಲ್ಲಿ ಬೆಂಗಳೂರಿನ ದಂಡಿಗೆ, ಅದೇ ಕಂಟೋನ್ಮೆಂಟಿಗೆ ಬಂದು, ನಾನು ಕೆಲಸ ಮಾಡುವ ಸ್ಟುಡಿಯೋದಲ್ಲಿ ಕುಳಿತಿದ್ದೆಯಲ್ಲ, ಅದು. ಸ್ಟುಡಿಯೋ ಯಜಮಾನರು ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು. "ಇವ್ರಿಗೆ ನಮ್ಮನ್ನ ನೋಡಾಕೆ ಅಷ್ಟು ನಾಚ್ಕೇನಾ?" ಅಂದು ನೀನು ನಕ್ಕೆ. ಆ ನಗುವಿನಲ್ಲೇ ಫೋಟೋ ಬಿತ್ತು.

ನನ್ನ ಕೆಲಸ ನಿನಗೆ ಗೊತ್ತಿತ್ತು. ಗಾಜಿನ ನೆಗೆಟಿವ್ ಮೇಲೆ ಪೆನ್ಸಿಲಿನ ಚೂಪು ಮೊನೆಯಿಂದ ಗಿರಾಕಿಗಳ ಸುಕ್ಕು, ಮಚ್ಚೆ, ಕಲೆ ಮುಚ್ಚುವುದು. ದಂಡಿನಲ್ಲಿ ನನ್ನಷ್ಟು ನಯವಾಗಿ ಮಾಡುವವರಿಲ್ಲ ಎಂಬ ಜಂಬ ಬೇರೆ. ನಿನ್ನ ಮುಖದಲ್ಲಿ ಸಿಡುಬಿನ ಗುಳಿಗಳಿದ್ದವು. ಮೂರು ದಿನ ಕುಳಿತು ಒಂದೊಂದನ್ನೂ ತುಂಬಿದೆ. ಹೆಂಡತಿಗೆ ಇದಕ್ಕಿಂತ ದೊಡ್ಡ ಒಡವೆ ಏನು ಕೊಟ್ಟೇನು ಅಂದುಕೊಂಡೆ.

ನೀನು ನೋಡಿ, "ಯಾರೀ ಯಮ್ಮ? ಚೆನ್ನಾಗವ್ಳೆ," ಅಂದೆ. ಹೊಗಳಿಕೆಯೆಂದು ನಾನು ಹಿಗ್ಗಿದೆ. ನೀನು ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ. ಅಂದಿನಿಂದ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯತೊಡಗಿದೆ. ಯಾಕೆಂದು ನಾನು ಕೇಳಲಿಲ್ಲ.

ಜ್ವರ ಬಂದು ನೀನು ಹೋದ ಮೇಲೆ ಅದನ್ನು ತೆಗೆದು ಗೋಡೆಗೆ ಹಾಕಿದೆ. ಮೊದಮೊದಲು ನೆನಪು ಗಟ್ಟಿಯಾಗಿತ್ತು, ಚಿತ್ರ ಹೇಗಿದ್ದರೂ ನಡೆಯಿತು. ಬರಬರುತ್ತಾ ಕಣ್ಣು ಮುಚ್ಚಿದರೂ ಆ ನುಣುಪು ಮುಖವೇ ಬರತೊಡಗಿತು. ನಿನ್ನ ಮುಖ ನನಗೆ ಮರೆತುಹೋಗುತ್ತಿತ್ತು, ಪಿಳ್ಳಮ್ಮ. ಮರೆಸಿದವನೂ ನಾನೇ.

ರಸೆಲ್ ಮಾರ್ಕೆಟ್ ಎದುರು ಮರದ ಡಬ್ಬಿ ಕ್ಯಾಮೆರಾ ಇಟ್ಟುಕೊಂಡು ನಿಂತಲ್ಲೇ ಫೋಟೋ ತೆಗೆದುಕೊಡುವ ನಜೀರ್ ಅಂತ ಒಬ್ಬ ಇದ್ದಾನೆ. ಯುದ್ಧ ಮುಗಿದು ಸೋಲ್ಜರುಗಳು ಹೋದಮೇಲೆ ಅವನಿಗೆ ಗಿರಾಕಿ ಕಡಿಮೆ. ಸುಮ್ಮನಿರಲಾರದೆ ಮಾರ್ಕೆಟ್ಟಿನವರನ್ನೇ ತೆಗೆಯುತ್ತಾನೆ. ಎರಡು ತಿಂಗಳ ಹಿಂದೆ ಒಂದು ಕಟ್ಟು ಚಿತ್ರ ತಂದು ನನ್ನ ಮೇಜಿನ ಮೇಲೆ ಹರಡಿದ. ಮೀನು ಹೆಚ್ಚುತ್ತಾ ಆಕಳಿಸುವ ಹೆಂಗಸು. ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತಿರುವ ಜಟಕಾದವನು. ಕೊನೆಯದು ಹೂವಿನ ಮುದುಕಿ. ಮುಖದ ತುಂಬ ಸಿಡುಬು. ಬಿಸಿಲು ಓರೆಯಾಗಿ ಬಿದ್ದು ಒಂದೊಂದು ಗುಳಿಯಲ್ಲೂ ಚೂರು ನೆರಳು ನಿಂತಿತ್ತು.

"ಇದನ್ನ ಹಿಂಗೇ ಬಿಟ್ಟಿದ್ದೀಯಲ್ಲೋ?" ಅಂದೆ.

"ಅರೆ ಚಿನ್ನಪ್ಪಣ್ಣ, ನಾನು ಫೋಟೋ ತೆಗೆಯೋನು. ಇಸ್ತ್ರಿ ಮಾಡೋರು ನೀವು. ಅವ್ಳ ಮಗ್ಳು ಗುರ್ತು ಹಿಡೀಬೇಡ್ವಾ?"

ಆ ಮುದುಕಿಯ ಕೆನ್ನೆಯನ್ನು ಸಂಜೆಯವರೆಗೆ ನೋಡಿದೆ.

ಆ ಭಾನುವಾರ ಸ್ಟುಡಿಯೋ ಬೀಗ ತೆಗೆದು ನಿನ್ನ ನೆಗೆಟಿವ್ ಗಾಜನ್ನು ಹುಡುಕಿದೆ. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದರೆ ಪೆನ್ಸಿಲ್ ಹೋಗುತ್ತದೆ. ಹಾಗೆ ಒರೆಸಿ, ಹೊಸದಾಗಿ ಅಚ್ಚು ಹಾಕಿದೆ. ತಟ್ಟೆಯ ಮದ್ದಿನ ನೀರಿನಲ್ಲಿ ಕಾಗದ ಕಪ್ಪೇರುತ್ತಾ ಬಂತು. ಎಡಗೆನ್ನೆಯಲ್ಲಿ ಒಂದು ಗುಳಿ, ಆಮೇಲೆ ಹಣೆಯಲ್ಲಿ ಎರಡು, ಆಮೇಲೆ ಎಣಿಸಲಾರದಷ್ಟು. ಆ ಕತ್ತಲೆ ಕೋಣೆಯಲ್ಲಿ ಒಬ್ಬನೇ ನಿಂತು "ಬಂದ್ಯಾ?" ಅಂದೆ.

ಪೂರ್ತಿ ಬರಲಿಲ್ಲ ನೀನು. ನಕ್ಕಾಗ ತುಟಿಯ ಮೇಲೆ ಇಣುಕುತ್ತಿದ್ದ ನಿನ್ನ ಉಬ್ಬುಹಲ್ಲನ್ನು ನಾನು ಪೆನ್ಸಿಲಿನಿಂದ ಮುಚ್ಚಿರಲಿಲ್ಲ. ಗಾಜಿನ ಮೇಲಿನ ಪದರವನ್ನೇ ಚಾಕುವಿನ ತುದಿಯಿಂದ ಹೆರೆದು ತೆಗೆದಿದ್ದೆ. ಹೆರೆದದ್ದು ಏನು ಮಾಡಿದರೂ ವಾಪಸು ಬಾರದು.

ಈಗ ಯಾರ ಮುಖಕ್ಕೂ ಕೈ ಹಚ್ಚುವ ಮೊದಲು, "ಇದು ಇರ್ಲಾ, ತೆಗೀಲಾ?" ಎಂದು ಅವರ ಮನೆಯವರನ್ನು ಕೇಳುತ್ತೇನೆ. ಯಜಮಾನರು ಗೊಣಗುತ್ತಾರೆ. ಬಿಡುವಿನ ದಿನ ನಜೀರನ ಜೊತೆ ಹಲಸೂರು ಕೆರೆ ಕಡೆ ಹೋಗಿ, ಬಟ್ಟೆ ಒಗೆಯುವವರನ್ನು, ಸೊಪ್ಪು ಮಾರುವವರನ್ನು ಇದ್ದ ಹಾಗೇ ತೆಗೆಯಲು ಕಲಿಯುತ್ತಿದ್ದೇನೆ. ಹಲ್ಲು ಮುಂದಿರುವ ಹೆಂಗಸು ಯಾರಾದರೂ ನಕ್ಕರೆ ಮಾತ್ರ ಕೈ ಓಡುವುದಿಲ್ಲ. ನೋಡುತ್ತಾ ನಿಂತುಬಿಡುತ್ತೇನೆ. ನಜೀರ್ ಪಕ್ಕದಿಂದ ಕೂಗುತ್ತಾನೆ: "ತೆಗೀರಣ್ಣ, ಹೋಗ್ಬಿಡ್ತದೆ!"

ಎಲ್ಲಿದ್ದೀಯೋ ಅಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗುತ್ತಿರು.

ನಿನ್ನ,
ಚಿನ್ನಪ್ಪ